ಏರಿಗೆ ದಮ್ಮು, ಇಳುಕಲಿಗೆ ತೊಡೆ

ಯುಗಾದಿಗೆ ಇನ್ನೂ ಎರಡು ವಾರ ಇರುವಾಗಲೇ ಉತ್ತರ ಕರ್ನಾಟಕದ ರಸ್ತೆಗಳ ಅಂಚಿನಲ್ಲಿ ಜನ ನಡೆಯತೊಡಗುತ್ತಾರೆ. ಹೆಗಲಿಗೊಂದು ಚೀಲ, ತಲೆಗೊಂದು ಟವೆಲ್, ಗುಂಪಿನ ಮುಂದೆ ಮಲ್ಲಯ್ಯನ ಕಂಬಿ. ಕೆಲವರ ಕಾಲಿಗೆ ಚಪ್ಪಲಿಯೂ ಇರುವುದಿಲ್ಲ, ಹರಕೆ ಹೊತ್ತ ಒಬ್ಬಿಬ್ಬರು ಮರಗಾಲು ಕಟ್ಟಿಕೊಂಡೇ ಹೊರಟಿರುತ್ತಾರೆ. ಎಲ್ಲರ ಗುರಿ ಆ ಮಲ್ಲಯ್ಯನ ಶ್ರೀಶೈಲ. ಕಲಘಟಗಿ ತಾಲೂಕಿನ ಮಿಶ್ರಿಕೋಟಿಯಂಥ ಊರಿನಿಂದ ಹೊರಟವರು ಹುಬ್ಬಳ್ಳಿ, ಗದಗ, ಕೊಪ್ಪಳ ದಾಟಿ, ರಾಯಚೂರು ಸೀಮೆ ಹಾಯ್ದು, ಕರ್ನೂಲಿನಿಂದ ಆತ್ಮಕೂರಿನ ದಾರಿ ಹಿಡಿದರು ಎಂದಿಟ್ಟುಕೊಳ್ಳಿ. ನಾನೂರು ಕಿಲೋಮೀಟರಿಗೂ ಮಿಕ್ಕ ನಡಿಗೆ. ಅದರಲ್ಲಿ ಬಹುಪಾಲು ಬಯಲು. ನಿಜವಾದ ಏರು ಇಳುಕಲು ಎದುರಾಗುವುದು ಕಟ್ಟಕಡೆಗೆ, ವೆಂಕಟಾಪುರ ಬಿಟ್ಟು ನಲ್ಲಮಲ ಕಾಡು ಹೊಕ್ಕ ಮೇಲೆ: ನಾಗಲೂಟಿ, ಪೆಚ್ಚೆರುವು, ಭೀಮನ ಕೊಳ್ಳ, ಕೈಲಾಸದ್ವಾರ. ಹತ್ತು ಹನ್ನೆರಡು ದಿನ ನಡೆದು ದಣಿದ ಕಾಲುಗಳಿಗೆ ದಾರಿಯ ಅತಿ ಕಠಿಣ ಭಾಗ ಕೊನೆಯಲ್ಲಿ ಕಾದಿರುತ್ತದೆ.

ಇವರನ್ನು ಯಾರೂ ಕ್ರೀಡಾಪಟುಗಳು ಅನ್ನುವುದಿಲ್ಲ, ಅವರಿಗೂ ಆ ಹೆಸರು ಬೇಕಿಲ್ಲ. ಆದರೆ ಬೆಟ್ಟದ ದೂರ ಓಟದ ಬಗ್ಗೆ ಕಳೆದ ಎರಡು ಮೂರು ದಶಕಗಳಲ್ಲಿ ಶರೀರಶಾಸ್ತ್ರಜ್ಞರು ಕೇಳುತ್ತಾ ಬಂದ ಪ್ರಶ್ನೆ ಈ ಪಾದಯಾತ್ರಿಗಳ ಪ್ರಶ್ನೆಯೂ ಹೌದು. ಮೈಯಲ್ಲಿರುವ ಕಸುವನ್ನು ದಾರಿಯುದ್ದಕ್ಕೂ ಹೇಗೆ ಹಂಚಬೇಕು?

ಮ್ಯಾರಥಾನಿನ 42.195 ಕಿಲೋಮೀಟರಿಗಿಂತ ಉದ್ದದ ಓಟಕ್ಕೆಲ್ಲ ಅಲ್ಟ್ರಾ ಎಂಬ ಹೆಸರಿದೆ. ಅದನ್ನು ಬೆಟ್ಟದ ಕಾಲುದಾರಿಗೆ ತಂದರೆ ಮೌಂಟನ್ ಅಲ್ಟ್ರಾ ಟ್ರೇಲ್. ಚಿಕ್ಕಮಗಳೂರಿನ ಕಾಫಿ ತೋಟಗಳ ನಡುವೆ 2016ರಲ್ಲಿ ಆರಂಭವಾದ ಮಲ್ನಾಡ್ ಅಲ್ಟ್ರಾ ಈ ಜಾತಿಯದು. ಅಲ್ಲಿಗೆ ಹೋಗುವವರು ಏರು, ಕೆಸರು, ಇಂಬಳ ಮೂರಕ್ಕೂ ತಯಾರಾಗಿಯೇ ಹೋಗುತ್ತಾರೆ. ಜಗತ್ತಿನಲ್ಲಿ ಹೆಚ್ಚು ಹೆಸರಾದದ್ದು ಯುಟಿಎಂಬಿ. ಫ್ರಾನ್ಸಿನ ಶಾಮೊನಿಯಿಂದ ಹೊರಟು ಇಟಲಿ, ಸ್ವಿಟ್ಜರ್ಲೆಂಡ್ ಹಾಯ್ದು, ಮೋಂ ಬ್ಲಾಂ ಪರ್ವತವನ್ನು ಒಂದು ಸುತ್ತು ಹಾಕಿ ಶಾಮೊನಿಗೇ ಮರಳುವ ಓಟ ಅದು. ಉದ್ದ ಸುಮಾರು 170 ಕಿಮೀ, ಹತ್ತಬೇಕಾದ ಒಟ್ಟು ಎತ್ತರ ಸುಮಾರು 10,000 ಮೀಟರ್, ಗಡುವು ನಲವತ್ತಾರೂವರೆ ಗಂಟೆ. 2003ರ ಮೊದಲ ಓಟಕ್ಕೆ ಸುಮಾರು 700 ಮಂದಿ ಹೊರಟರು. ಪೂರ್ತಿ ಸುತ್ತು ಮುಗಿಸಿದವರು 67 ಮಂದಿ. ಗೆದ್ದವರು ನೇಪಾಳದ ದಾವಾ ಶೆರ್ಪಾ, 20 ಗಂಟೆ 5 ನಿಮಿಷದಲ್ಲಿ.

ಸಪಾಟು ರಸ್ತೆಯಲ್ಲಿ ಹಂಚಿಕೆಯ ಪ್ರಶ್ನೆಗೆ ಉತ್ತರ ಹೆಚ್ಚುಕಡಿಮೆ ಸಿಕ್ಕಿದೆ. 2019ರ ಅಕ್ಟೋಬರ್ 12ರಂದು ವಿಯೆನ್ನಾದಲ್ಲಿ ಎಲಿಯುಡ್ ಕಿಪ್ಚೋಗೆ ಮ್ಯಾರಥಾನ್ ದೂರವನ್ನು 1 ಗಂಟೆ 59 ನಿಮಿಷ 40 ಸೆಕೆಂಡಿನಲ್ಲಿ ಓಡಿದಾಗ ಪ್ರತಿ ಕಿಲೋಮೀಟರಿಗೂ 2 ನಿಮಿಷ 50 ಸೆಕೆಂಡಿನ ಆಚೀಚೆಯಷ್ಟೇ ತಗೊಂಡರು. ಸಮವೇಗ, ಅಷ್ಟೇ. ಇದೇ ಪಾಠವನ್ನು ಬೆಟ್ಟಕ್ಕೆ ಹೊತ್ತೊಯ್ದವರ ಓಟ ಮಾತ್ರ ಮೊದಲ ಘಟ್ಟದಲ್ಲೇ ಕೆಡುತ್ತದೆ. ಕೈಗಡಿಯಾರ ತೋರಿಸುವ ವೇಗಕ್ಕೆ ಅಲ್ಲಿ ಅರ್ಥವೇ ಇಲ್ಲ. ಯಾಕೆಂಬುದಕ್ಕೆ ಲೆಕ್ಕವಿದೆ.

ಇಟಲಿಯ ಅಲ್ಬೆರ್ತೊ ಮಿನೆಟ್ಟಿ ಮತ್ತು ಸಂಗಡಿಗರು 2002ರಲ್ಲಿ ಬೆಟ್ಟದ ಓಟಗಾರರನ್ನು ಟ್ರೆಡ್‌ಮಿಲ್ ಮೇಲೆ ನಡೆಸಿ, ಓಡಿಸಿ, ಬೇರೆ ಬೇರೆ ಏರಿಳುಕಲಿನಲ್ಲಿ ದೇಹ ಎಷ್ಟು ಶಕ್ತಿ ಸುಡುತ್ತದೆ ಎಂದು ಅಳೆದರು. ಸಪಾಟಿನಲ್ಲಿ ಓಡುವಾಗ ಮೈತೂಕದ ಪ್ರತಿ ಕಿಲೋಗೆ, ಸಾಗಿದ ಪ್ರತಿ ಮೀಟರಿಗೆ 3.40 ಜೂಲ್. ಶೇಕಡಾ 45ರ ಕಡಿದಾದ ಏರಿನಲ್ಲಿ 18.93 ಜೂಲ್, ಅಂದರೆ ಐದೂವರೆ ಪಟ್ಟು. ಇಳುಕಲಿನಲ್ಲಿ ಖರ್ಚು ತಗ್ಗುತ್ತಾ ಹೋಗಿ ಶೇಕಡಾ 20ರ ಇಳಿಜಾರಿನಲ್ಲಿ ಅತಿ ಕಡಿಮೆಯಾಗುತ್ತದೆ, 1.73 ಜೂಲ್. ಅದಕ್ಕಿಂತ ಕಡಿದಾದರೆ ಖರ್ಚು ಮತ್ತೆ ಏರುತ್ತದೆ. ಶೇಕಡಾ 45ರ ಇಳುಕಲಿನಲ್ಲಿ ಓಡುವುದು ಸಪಾಟಿನ ಓಟಕ್ಕಿಂತಲೂ ತುಟ್ಟಿ.

ಏರಿನಲ್ಲಿ ಕಳೆದದ್ದನ್ನು ಇಳುಕಲಿನಲ್ಲಿ ಗಳಿಸಿಕೊಂಡರಾಯಿತು ಎಂಬ ಮಾತು ಆಗಾಗ ಕೇಳಿಬರುತ್ತದೆ. ಲೆಕ್ಕ ಹಾಗೆ ಹೇಳುವುದಿಲ್ಲ. ಮಿನೆಟ್ಟಿಯವರ ಸೂತ್ರದ ಪ್ರಕಾರ ಶೇಕಡಾ 20ರ ಏರಿನಲ್ಲಿ ಓಟದ ಖರ್ಚು ಸುಮಾರು 9 ಜೂಲ್. ಅದೇ ಇಳುಕಲಿನಲ್ಲಿ 1.73. ಐದು ಕಿಲೋಮೀಟರ್ ಹತ್ತಿ ಐದು ಕಿಲೋಮೀಟರ್ ಇಳಿದವನ ಸರಾಸರಿ 5.4ರ ಹತ್ತಿರ ಬರುತ್ತದೆ, ಸಪಾಟಿನ ಒಂದೂವರೆ ಪಟ್ಟಿಗೂ ಹೆಚ್ಚು. ಬೆಟ್ಟ ಇಳಿಸುವಾಗ ಕೊಡುವುದು ಹತ್ತಿಸುವಾಗ ಕಿತ್ತುಕೊಂಡದ್ದರಲ್ಲಿ ಒಂದು ಪಾಲು ಮಾತ್ರ.

ಈ ಸೂತ್ರದಿಂದ ಇನ್ನೊಂದು ಸಂಗತಿಯೂ ಹೊರಬೀಳುತ್ತದೆ. ಸಪಾಟಿನಲ್ಲಿ ಗಂಟೆಗೆ 10 ಕಿಮೀ ಓಡುವವನು ಅದೇ ಶ್ರಮದಲ್ಲಿ ಶೇಕಡಾ 20ರ ಏರನ್ನು ಓಡಿ ಹತ್ತಿದರೆ ಅವನ ವೇಗ ಗಂಟೆಗೆ 3.8 ಕಿಮೀ ಆಗುತ್ತದೆ. ಓಡುವುದು ಬಿಟ್ಟು ಬಿರುಸಾಗಿ ನಡೆದರೆ 4.3. ನಡೆಯುವವನೇ ಮುಂದೆ! 2016ರಲ್ಲಿ ನಿಕೋಲಾ ಜೊವಾನೆಲ್ಲಿ, ರಾಜರ್ ಕ್ರಾಮ್ ಮೊದಲಾದವರು ಇನ್ನೂ ಕಡಿದಾದ ಟ್ರೆಡ್‌ಮಿಲ್ ಮಾಡಿಸಿ, ಸೆಕೆಂಡಿಗೆ 0.35 ಮೀಟರ್ ಎತ್ತರ ಏರುವ ಗತಿಯಲ್ಲಿ ಓಟಗಾರರನ್ನು ಹತ್ತಿಸಿದರು. ಸುಮಾರು 16 ಡಿಗ್ರಿಗಿಂತ ಕಡಿದಾದ ಕಡೆಯಲ್ಲೆಲ್ಲ ಓಟಕ್ಕಿಂತ ನಡಿಗೆಯೇ ಅಗ್ಗವೆಂದು ಅವರಿಗೂ ಕಂಡಿತು. ಆಲ್ಪ್ಸ್‌ನ ಓಟಗಳಲ್ಲಿ ಮುಂಚೂಣಿಯವರೂ ಮೊಣಕಾಲ ಮೇಲೆ ಕೈಯೂರಿಕೊಂಡೋ ಕೋಲೂರಿಕೊಂಡೋ ನಡೆದೇ ಹತ್ತುವುದನ್ನು ನೋಡಿದ ಹೊಸಬರಿಗೆ ಸ್ವಲ್ಪ ನಿರಾಸೆಯಾಗುತ್ತದೆ. ಓಟದ ಸ್ಪರ್ಧೆ ಅಂದ ಮೇಲೆ ಓಡಬೇಡವೇ? ನಡೆಯಲು ನಾಚುವವರಿಗೆ ಬೆಟ್ಟ ಬಲು ಬೇಗ ಬುದ್ಧಿ ಕಲಿಸುತ್ತದೆ.

ಹಾಗಾಗಿ ಬೆಟ್ಟದಲ್ಲಿ ಸಮವಾಗಿ ಇಟ್ಟುಕೊಳ್ಳಬೇಕಾದದ್ದು ದಮ್ಮನ್ನು. ವೇಗ ಏರಿನಲ್ಲಿ ಬಿದ್ದು ಇಳುಕಲಿನಲ್ಲಿ ಏಳಲಿ, ಉಸಿರಾಟ ಮಾತ್ರ ಒಂದೇ ಹದದಲ್ಲಿರಲಿ. ಇದನ್ನು ಅಳೆಯಲು ದುಬಾರಿ ಗಡಿಯಾರ ಬೇಕಿಲ್ಲ. ಶ್ರಮ ಒಂದು ಮಿತಿ ದಾಟಿದೊಡನೆ ಉಸಿರು ಥಟ್ಟನೆ ಏರುತ್ತದೆ, ಆಡುವ ವಾಕ್ಯ ನಡುವೆ ಮುರಿಯುತ್ತದೆ. ಆ ಮಿತಿಯ ಕೆಳಗಿದ್ದರೆ ಪೂರ್ತಿ ವಾಕ್ಯ ಆಡಬಹುದು. ಕ್ರೀಡಾವಿಜ್ಞಾನದಲ್ಲಿ ಇದು ಒಪ್ಪಿತವಾದ ಪರೀಕ್ಷೆ. ಶ್ರೀಶೈಲದ ದಾರಿಯಲ್ಲಿ ಭಜನೆ ಹಾಡುತ್ತಾ, ಒಬ್ಬರು ಎತ್ತಿಕೊಟ್ಟ ನುಡಿಯನ್ನು ಉಳಿದವರು ಹಿಡಿಯುತ್ತಾ ಸಾಗುವ ಗುಂಪು ಗೊತ್ತಿಲ್ಲದೆಯೇ ಇಡೀ ದಿನ ಈ ಪರೀಕ್ಷೆಗೆ ಕೂತಿರುತ್ತದೆ. ಹಾಡು ತುಂಡಾಗತೊಡಗಿದರೆ ಗುಂಪು ತಾನಾಗಿ ನಿಧಾನವಾಗುತ್ತದೆ. ಭಕ್ತಿಯಿಂದ ಹುಟ್ಟಿದ ರೂಢಿ ಅದು, ಶರೀರಶಾಸ್ತ್ರ ಅದರ ಉದ್ದೇಶವಲ್ಲ. ಆದರೂ ಕೆಲಸವನ್ನಂತೂ ಮಾಡುತ್ತದೆ.

ಉಸಿರಿನ ಈ ಮಿತಿಗೆ ಇಷ್ಟು ಮಹತ್ವ ಬಂದದ್ದು ಇಂಧನದಿಂದ. ಸ್ನಾಯು ಮತ್ತು ಯಕೃತ್ತುಗಳಲ್ಲಿ ಗ್ಲೈಕೋಜನ್ ರೂಪದಲ್ಲಿ ಕೂಡಿಟ್ಟ ಸಕ್ಕರೆ ಒಟ್ಟು ನಾನೂರು ಐನೂರು ಗ್ರಾಂ, ಹೆಚ್ಚೆಂದರೆ 2,000 ಕಿಲೋಕ್ಯಾಲರಿ. ಅರವತ್ತು ಕಿಲೋ ತೂಕದವನು ಸಪಾಟಿನಲ್ಲಿ ಒಂದು ಕಿಲೋಮೀಟರ್ ಓಡಲು ಮಿನೆಟ್ಟಿಯವರ ಅಂಕಿಯಂತೆ ಸುಮಾರು 49 ಕಿಲೋಕ್ಯಾಲರಿ ಬೇಕು. ಬರೀ ಸಕ್ಕರೆ ಸುಟ್ಟರೆ ನಲವತ್ತು ಕಿಲೋಮೀಟರಿಗೆ ಕೊಠಾರ ಬರಿದು. ಅದೇ ದೇಹದಲ್ಲಿ ಹತ್ತು ಕಿಲೋ ಕೊಬ್ಬಿದ್ದರೆ ಅದರ ಶಕ್ತಿ 90,000 ಕಿಲೋಕ್ಯಾಲರಿಯ ಆಸುಪಾಸು, ಹೆಚ್ಚುಕಡಿಮೆ ಬತ್ತದ ಕೆರೆ. ತೊಡಕೆಂದರೆ ಕೊಬ್ಬು ನಿಧಾನವಾಗಿ ಉರಿಯುತ್ತದೆ. ಶ್ರಮ ಕಡಿಮೆಯಿದ್ದಾಗ ದೇಹ ಕೊಬ್ಬನ್ನು ಹೆಚ್ಚು ಬಳಸುತ್ತದೆ, ಶ್ರಮ ಏರಿದಷ್ಟೂ ಸಕ್ಕರೆಯ ಕಡೆ ವಾಲುತ್ತದೆ. ಮೊದಲ ಏರಿನಲ್ಲಿ ಏದುಸಿರು ಬಿಡುತ್ತಾ ಹತ್ತಿದವನು ಹತ್ತು ನಿಮಿಷ ಉಳಿಸಿರಬಹುದು. ಅದಕ್ಕೆ ತೆತ್ತದ್ದು ಮಾತ್ರ ಮೂಟೆಯಲ್ಲಿದ್ದ ಅಷ್ಟಿಷ್ಟು ಸಕ್ಕರೆ, ಎರಡನೇ ರಾತ್ರಿಗೆ ಬೇಕಾಗಿದ್ದದ್ದು.

ತಿಂದು ತುಂಬಿಸಿಕೊಳ್ಳಬಹುದಲ್ಲ? ಸ್ವಲ್ಪ ಮಟ್ಟಿಗೆ ಮಾತ್ರ. ಗ್ಲೂಕೋಸನ್ನು ಕರುಳು ಗಂಟೆಗೆ ಸುಮಾರು 60 ಗ್ರಾಂ ಹೀರಿ ಕೊಟ್ಟೀತು. ಫ್ರಕ್ಟೋಸ್ ಜೊತೆಗಿದ್ದರೆ 90 ಗ್ರಾಂವರೆಗೆ, ಯಾಕೆಂದರೆ ಕರುಳ ಗೋಡೆಯಲ್ಲಿ ಎರಡಕ್ಕೂ ಬೇರೆ ಬೇರೆ ಬಾಗಿಲುಗಳಿವೆ. ಬೆಲ್ಲದಲ್ಲಿ ಹೆಚ್ಚಿನ ಪಾಲು ಸುಕ್ರೋಸ್, ಅದು ಒಡೆದರೆ ಇವೆರಡೂ ಸಮಸಮ. ಬೆಲ್ಲದ ಪಾನಕಕ್ಕೂ ಓಟಗಾರರು ಹಿಂಡಿ ನುಂಗುವ ಜೆಲ್ ಪೊಟ್ಟಣಕ್ಕೂ ಈ ದೃಷ್ಟಿಯಿಂದ ಅಂತರ ತೀರಾ ಕಡಿಮೆ, ಬೆಲೆಯಲ್ಲಿ ಮಾತ್ರ ಬಹಳ. ಆದರೆ ಶ್ರಮ ಹೆಚ್ಚಾದಂತೆ ರಕ್ತ ಕರುಳನ್ನು ಬಿಟ್ಟು ಕಾಲಿಗೂ ಚರ್ಮಕ್ಕೂ ಹರಿಯುತ್ತದೆ, ತಿಂದದ್ದು ಹೊಟ್ಟೆಯಲ್ಲೇ ಕೂತು ವಾಕರಿಕೆ ಬರುತ್ತದೆ. ದೂರ ಓಟಗಳಲ್ಲಿ ಎಷ್ಟೋ ಜನ ಕೈಚೆಲ್ಲುವುದು ಈ ಹೊಟ್ಟೆಯ ಕಾರಣಕ್ಕೆ. ಗತಿ ತಗ್ಗಿಸಿದರೆ ಹೊಟ್ಟೆ ಮತ್ತೆ ಕೆಲಸ ಶುರುಮಾಡುತ್ತದೆ. ನೀರಿನದ್ದೂ ಇಂಥದೇ ಕತೆ. ಬಾಯಾರಿಕೆ ಮೀರಿ ಕುಡಿದರೆ ರಕ್ತದ ಸೋಡಿಯಂ ತಗ್ಗಿ ಪ್ರಾಣಕ್ಕೇ ಕುತ್ತಾಗಬಹುದು.

ಇನ್ನು ಬಿಸಿಲು. ಸ್ನಾಯು ಸುಡುವ ಶಕ್ತಿಯಲ್ಲಿ ಮುಕ್ಕಾಲು ಪಾಲು ಶಾಖವಾಗಿ ಹೋಗುತ್ತದೆ. ರಾಯಚೂರು ಸೀಮೆಯ ಯುಗಾದಿ ಬಿಸಿಲಲ್ಲಿ ಆ ಶಾಖವನ್ನು ಹೊರಹಾಕುವುದೇ ದೇಹಕ್ಕೆ ದೊಡ್ಡ ಕೆಲಸ. ಪಾದಯಾತ್ರಿಗಳು ಬೆಳಕು ಹರಿಯುವ ಮುಂಚೆ ಎದ್ದು ನಡೆದು, ಮಧ್ಯಾಹ್ನ ಗಿಡದ ನೆರಳಲ್ಲೋ ದಾಸೋಹದ ಪೆಂಡಾಲಿನಲ್ಲೋ ಉರುಳಿ, ಇಳಿಹೊತ್ತಿಗೆ ಮತ್ತೆ ಹೊರಡುವುದು ಇದಕ್ಕೇ. ಗಡಿಯಾರದೊಡನೆ ಸೆಣಸುವ ಓಟಗಾರನಿಗೆ ಈ ಸವಲತ್ತಿಲ್ಲ. ಅವನಿಗಿರುವುದು ವೇಗ ಇಳಿಸುವ ದಾರಿಯೊಂದೇ.

ಇಷ್ಟೆಲ್ಲ ಏರಿನ, ಉಸಿರಿನ ಮಾತು. ಬೆಟ್ಟದ ಓಟವನ್ನು ನಿಜವಾಗಿ ಕೆಡಿಸುವುದು ಇಳುಕಲು ಎಂದು ನನ್ನ ಎಣಿಕೆ, ಮತ್ತು ಹೊಸಬರಿಗಾಗಿ ಬರೆದ ಪುಸ್ತಕಗಳು ಇದನ್ನು ಸಾಕಷ್ಟು ಒತ್ತಿ ಹೇಳುವುದಿಲ್ಲ. ಮಿನೆಟ್ಟಿಯವರ ಅಂಕಿಯೇ ನಮ್ಮನ್ನು ದಾರಿ ತಪ್ಪಿಸುವ ಜಾಗ ಇದು. ಇಳಿಯುವಾಗ ಆಮ್ಲಜನಕ ಕಡಿಮೆ ಸಾಕು, ಉಸಿರು ಸಲೀಸು, ಹಾಡೂ ತುಂಡಾಗುವುದಿಲ್ಲ. ಹಾಗಾಗಿ ಓಡಬೇಕೆನ್ನಿಸುತ್ತದೆ. ಪೆಟ್ಟು ಬೀಳುವುದು ಬೇರೆ ಕಡೆ.

ಒಂದು ಹೆಜ್ಜೆಯನ್ನು ಹತ್ತಿರದಿಂದ ನೋಡಿ. ಕೆಳಗಿನ ಕಲ್ಲಿನ ಮೇಲೆ ಹಿಮ್ಮಡಿ ಊರುತ್ತದೆ, ಮೊಣಕಾಲು ಮಡಚತೊಡಗುತ್ತದೆ. ಅದು ಪೂರ್ತಿ ಕುಸಿಯದಂತೆ ತೊಡೆಯ ಮುಂಭಾಗದ ಸ್ನಾಯು ಬಿಗಿಹಿಡಿಯುತ್ತದೆ. ಹತ್ತುವಾಗ ಇದೇ ಸ್ನಾಯು ಕುಗ್ಗುತ್ತಾ ಬಲ ಹಾಕುತ್ತಿತ್ತು. ಈಗ ಬಲ ಹಾಕುತ್ತಲೇ ಉದ್ದಕ್ಕೆ ಎಳೆಯಲ್ಪಡುತ್ತಿದೆ. ಏರಿನಲ್ಲಿ ಎತ್ತು ಬಂಡಿ ಎಳೆಯುತ್ತದೆ, ಇಳುಕಲಿನಲ್ಲಿ ಹಿಂದಿನಿಂದ ನೂಕುವ ಬಂಡಿಯನ್ನು ಕತ್ತುಕೊಟ್ಟು ತಡೆಯುತ್ತದೆ. ಹೆಗಲು ಕಿತ್ತುಹೋಗುವುದು ತಡೆಯುವಾಗ. ಹೀಗೆ ಎಳೆತಕ್ಕೆ ಸಿಕ್ಕ ಸ್ನಾಯುವಿನೊಳಗಿನ ಸೂಕ್ಷ್ಮ ಘಟಕಗಳು ಅಲ್ಲಲ್ಲಿ ಹರಿಯುತ್ತವೆ. ಒಳಗಿದ್ದ ಕ್ರಿಯಾಟಿನ್ ಕೈನೇಸ್‌ನಂಥ ಪ್ರೋಟೀನುಗಳು ರಕ್ತಕ್ಕೆ ಸೋರುತ್ತವೆ. ನೋವು ಆಗಲೇ ಕಾಣಿಸಿಕೊಳ್ಳದೆ ಒಂದೆರಡು ದಿನ ತಡೆದು ಬರುತ್ತದೆ. ಬಲ ಮಾತ್ರ ತಕ್ಷಣವೇ ಕುಗ್ಗಿರುತ್ತದೆ. ಮೂವತ್ತನೇ ಕಿಲೋಮೀಟರಿನ ಇಳುಕಲಿನಲ್ಲಿ ಹಾರುತ್ತಾ ಬಂದವನು ತೊಂಬತ್ತನೇ ಕಿಲೋಮೀಟರಿನ ಇಳುಕಲಿನಲ್ಲಿ ಮೆಟ್ಟಿಲಿಗೆ ಅಡ್ಡಡ್ಡ ತಿರುಗಿ, ಕಂಬವನ್ನೋ ಕಲ್ಲನ್ನೋ ಹಿಡಿದು ಇಳಿಯುತ್ತಿರುತ್ತಾನೆ. ಉಸಿರು, ಹೃದಯ ಎರಡೂ ಸರಿಯಾಗಿಯೇ ಇರುತ್ತವೆ, ತೊಡೆ ಮಾತು ಕೇಳುವುದಿಲ್ಲ.

ಫ್ರಾನ್ಸಿನ ಗೀಯೋಮ್ ಮಿಯೆ ಮತ್ತು ಸಂಗಡಿಗರು ಯುಟಿಎಂಬಿ ಮುಗಿಸಿ ಬಂದವರ ತೊಡೆಯ ಬಲ ಅಳೆದಾಗ ಓಟಕ್ಕೆ ಮೊದಲಿದ್ದುದಕ್ಕಿಂತ ಮೂರನೇ ಒಂದು ಭಾಗಕ್ಕೂ ಹೆಚ್ಚು ಕುಗ್ಗಿತ್ತು. ಮುಂದೆ ಇದೇ ಬಗೆಯ ಅಳತೆ ಇಟಲಿಯ ಟೋರ್ ದೆ ಜೇಆಂ ಓಟದಲ್ಲೂ ನಡೆಯಿತು. ಅದು 330 ಕಿಮೀ, ಒಟ್ಟು ಏರು ಸುಮಾರು 24,000 ಮೀಟರ್, ಉದ್ದದಲ್ಲೂ ಏರಿನಲ್ಲೂ ಯುಟಿಎಂಬಿಯ ಸುಮಾರು ಇಮ್ಮಡಿ. ತೊಡೆ ಅರ್ಧಕ್ಕರ್ಧ ಬಲ ಕಳೆದುಕೊಂಡಿರಬೇಕು ಅಂತ ಯಾರಾದರೂ ಊಹಿಸುತ್ತಾರೆ. 2013ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ನಷ್ಟ ಕಾಲು ಭಾಗದಷ್ಟು ಮಾತ್ರ, ಯುಟಿಎಂಬಿಗಿಂತ ಕಡಿಮೆ! ದಾರಿ ಉದ್ದ ಎಂದು ಗೊತ್ತಿದ್ದುದರಿಂದ ಓಟಗಾರರು ಮೊದಲಿನಿಂದಲೇ ಮೆಲ್ಲಗೆ ಹೋದರು, ನಿದ್ದೆಗೆಟ್ಟ ದೇಹವೂ ಅವರನ್ನು ಜೋರಾಗಿ ಓಡಗೊಡಲಿಲ್ಲ, ಹಾಗಾಗಿ ಸ್ನಾಯು ಉಳಿಯಿತು ಎಂದು ಸಂಶೋಧಕರು ಅರ್ಥೈಸಿದರು. ಎರಡೂ ಓಟಗಳ ಓಟಗಾರರು ಬೇರೆ ಬೇರೆ ಜನ, ನೇರ ಹೋಲಿಕೆಗೆ ಮಿತಿಯಿದೆ. ಹಾಗಿದ್ದರೂ ದೂರಕ್ಕಿಂತ ಗತಿಯೇ ಹೆಚ್ಚು ಹಾಳು ಮಾಡುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ಕಂಡಿಲ್ಲ.

ಮುಂಚೂಣಿಯವರಿಗೂ ಈ ಲೆಕ್ಕ ತಪ್ಪಿದ್ದಲ್ಲ. ಅಮೆರಿಕದ ಜಿಮ್ ವಾಮ್ಸ್‌ಲಿ 2022ರ ಯುಟಿಎಂಬಿಯಲ್ಲಿ ಇಟಲಿಯಿಂದ ಸ್ವಿಟ್ಜರ್ಲೆಂಡಿಗೆ ದಾಟುವ ಗ್ರಾಂ ಕೋಲ್ ಫೆರೆ ಕಣಿವೆಯ ಹೊತ್ತಿಗೆ ಎಲ್ಲರಿಗಿಂತ ಮುಂದಿದ್ದರು. ಆಮೇಲೆ ಗತಿ ಕುಸಿದು ನಾಲ್ಕನೆಯವರಾಗಿ ಮುಗಿಸಿದರು. ಗೆದ್ದ ಕಿಲಿಯನ್ ಜೋರ್ನೆ 19 ಗಂಟೆ 49 ನಿಮಿಷದಲ್ಲಿ ಓಡಿ, ಪೂರ್ತಿ ಮಾರ್ಗವನ್ನು ಇಪ್ಪತ್ತು ಗಂಟೆಯೊಳಗೆ ಮುಗಿಸಿದ ಮೊದಲಿಗರಾದರು. ಮರುವರ್ಷ ವಾಮ್ಸ್‌ಲಿ ಬೇರೆಯ ಹಾಗೆ ಓಡಿದರು. ಮುಂದೆ ಓಡುತ್ತಿದ್ದ ಝಾಕ್ ಮಿಲ್ಲರ್ ಅವರನ್ನು ಕೊನೆಯ ಘಟ್ಟಗಳವರೆಗೂ ಹೋಗಗೊಟ್ಟು, ಅಲ್ಲಿ ಹಿಂದಿಕ್ಕಿ, 19 ಗಂಟೆ 37 ನಿಮಿಷದಲ್ಲಿ ಗೆದ್ದರು. ಒಬ್ಬರ ಎರಡು ಓಟಗಳಿಂದ ಸಿದ್ಧಾಂತ ಕಟ್ಟಲಾಗದು, ನಿಜ. ಆದರೆ 2004ರಲ್ಲಿ ಲ್ಯಾಂಬರ್ಟ್ ಮತ್ತು ಸಂಗಡಿಗರು 100 ಕಿಮೀ ಓಟವೊಂದರ ವೇಗಗಳನ್ನು ತುಂಡು ತುಂಡಾಗಿ ನೋಡಿದಾಗಲೂ ಕಂಡದ್ದು ಇದಕ್ಕೆ ಹೊಂದುತ್ತದೆ. ಮುಂದೆ ಬಂದವರು ಆರಂಭದ ಗತಿಯನ್ನು ಹೆಚ್ಚು ಹೊತ್ತು ಕಾಯ್ದುಕೊಂಡಿದ್ದರು, ಹಿಂದುಳಿದವರ ಗತಿ ಬೇಗ ಬಿದ್ದಿತ್ತು.

ಗತಿ ನಿರ್ಧರಿಸುವುದು ಯಾರು, ಕಾಲೋ ತಲೆಯೋ ಎಂಬ ಜಗಳ ಇನ್ನೂ ತೀರಿಲ್ಲ. ದಕ್ಷಿಣ ಆಫ್ರಿಕದ ಟಿಮ್ ನೋಕ್ಸ್, ದೇಹ ಅಪಾಯಕ್ಕೆ ಸಿಲುಕದಂತೆ ಮಿದುಳೇ ಮೊದಲೇ ಲಗಾಮು ಎಳೆಯುತ್ತದೆ ಎಂದು ವಾದಿಸಿದರು. ಸಮುಯೆಲೆ ಮಾರ್ಕೋರಾ ಅದನ್ನು ಒಪ್ಪದೆ, ಎಷ್ಟು ಕಷ್ಟ ಅನ್ನಿಸುತ್ತದೆ ಮತ್ತು ಎಷ್ಟು ಸಹಿಸಲು ಮನಸ್ಸಿದೆ ಎಂಬ ಎರಡೇ ಸಾಕು ಎಂದರು. ಇಬ್ಬರೂ ಒಪ್ಪುವ ಸಂಗತಿ ಒಂದಿದೆ: ಉಳಿದ ದೂರ ಎಷ್ಟೆಂಬ ಅರಿವು ಇಂದಿನ ಹೆಜ್ಜೆಯನ್ನು ಬದಲಿಸುತ್ತದೆ. ಕಾಲೆಳೆಯುತ್ತಿದ್ದವನೂ ಗುರಿ ಕಂಡಾಗ ಓಡುತ್ತಾನೆ, ಅಲ್ಲಿಯವರೆಗೆ ಆ ಬಲ ಎಲ್ಲಿತ್ತೋ. ಅನುಭವಿ ಪಾದಯಾತ್ರಿಗಳು ನಾನೂರು ಕಿಲೋಮೀಟರನ್ನು ಎದುರಿಗಿಟ್ಟುಕೊಂಡು ನಡೆಯುವುದಿಲ್ಲ, ಮುಂದಿನ ದಾಸೋಹದವರೆಗೆ ನಡೆಯುತ್ತಾರೆ. ಅಲ್ಲಿ ರೊಟ್ಟಿ, ಮಜ್ಜಿಗೆ, ಕಾಲಿಗೆ ಬಿಸಿನೀರು, ಎಣ್ಣೆ ತಿಕ್ಕುವ ಕೈಗಳು. ಅಲ್ಟ್ರಾ ಓಟಗಾರರೂ ಒಂದು ನೆರವು ಕೇಂದ್ರದಿಂದ ಇನ್ನೊಂದಕ್ಕೆ ಹೀಗೆಯೇ ದಾರಿ ಕತ್ತರಿಸಿಕೊಳ್ಳುತ್ತಾರೆ. ಅಲ್ಲಿ ಹೆಚ್ಚು ಹೊತ್ತು ಕೂತರೆ ಏಳುವುದು ಕಷ್ಟ ಎಂಬುದೂ ಎರಡೂ ಕಡೆಯವರಿಗೆ ಗೊತ್ತು.

ಭೀಮನ ಕೊಳ್ಳದಲ್ಲಿ ಇದೆಲ್ಲ ಒಟ್ಟಿಗೆ ಪರೀಕ್ಷೆಗೆ ಬರುತ್ತದೆ. ಮೊದಲು ಕಲ್ಲಿನ ದಾರಿಯಲ್ಲಿ ಕೊಳ್ಳದ ತಳಕ್ಕೆ ಇಳಿಯಬೇಕು, ಆಮೇಲೆ ಎದುರಿನ ಮೆಟ್ಟಿಲು ಹತ್ತಿ ಕೈಲಾಸದ್ವಾರಕ್ಕೆ ಏರಬೇಕು. ಏರು ಕಣ್ಣಿಗೆ ಹೆದರಿಕೆ ಹುಟ್ಟಿಸುವುದರಿಂದ ಅದನ್ನು ಎಲ್ಲರೂ ತಡೆತಡೆದು, ಕೂತು, ಎದ್ದು ಹತ್ತುತ್ತಾರೆ. ಎಚ್ಚರ ತಪ್ಪುವುದು ಅದಕ್ಕೆ ಮುಂಚಿನ ಇಳುಕಲಿನಲ್ಲಿ. ಗುಂಪಿನಲ್ಲಿ ವಯಸ್ಸಾದವರು ‘ಸಾವಕಾಶ, ಸಾವಕಾಶ’ ಅನ್ನಬೇಕಾದ ಜಾಗ ಅದು. ಸಣ್ಣ ಹೆಜ್ಜೆ, ಸ್ವಲ್ಪ ಮಡಚಿದ ಮೊಣಕಾಲು, ಕೈಯಲ್ಲೊಂದು ಕೋಲು. ಹೆಜ್ಜೆ ಸಣ್ಣದಾದಷ್ಟೂ ಪ್ರತಿ ಹೆಜ್ಜೆಗೆ ತೊಡೆ ತಡೆಯಬೇಕಾದ ಹೊರೆ ಕಡಿಮೆ.

ಹಾಗಾದರೆ ಇಳಿಯುವುದಕ್ಕೆ ತೊಡೆಯನ್ನು ಮೊದಲೇ ಅಣಿಮಾಡಬಹುದೇ? ಆಗುತ್ತದೆ, ಅದೂ ನಾವು ಎಣಿಸಿದ್ದಕ್ಕಿಂತ ಸುಲಭವಾಗಿ. ಒಮ್ಮೆ ಎಳೆತದ ಪೆಟ್ಟು ತಿಂದು ರಿಪೇರಿಯಾದ ಸ್ನಾಯು ಮುಂದಿನ ಕೆಲವು ವಾರಗಳ ಕಾಲ ಅಂಥದೇ ಪೆಟ್ಟಿಗೆ ಬಹಳ ಕಡಿಮೆ ಹಾನಿಗೊಳ್ಳುತ್ತದೆ. ಇದು ಪ್ರಯೋಗಾಲಯಗಳಲ್ಲಿ ಮತ್ತೆ ಮತ್ತೆ ಖಚಿತವಾದ ಸಂಗತಿ. ಮಿಶ್ರಿಕೋಟಿ ಅರೆಮಲೆನಾಡಿನ ಸೆರಗಿನಲ್ಲಿದೆ, ಪಶ್ಚಿಮಕ್ಕೆ ಹೋದಂತೆ ನೆಲ ಏಳುಬೀಳಾಗುತ್ತದೆ, ಆದರೆ ನಿಜವಾದ ಘಟ್ಟವೆಂದರೆ ಯಲ್ಲಾಪುರ ದಾಟಿದ ಮೇಲಿನ ಅರಬೈಲ್. ಅದು ಲಾರಿಗಳ ಹೆದ್ದಾರಿ, ಓಡಿ ಕಲಿಯುವ ಜಾಗವಲ್ಲ. ನವಲಗುಂದ, ಅಣ್ಣಿಗೇರಿ ಕಡೆಯ ಎರೆಹೊಲದವರಿಗೆ ಅಷ್ಟೂ ಇಲ್ಲ. ಅವರಿಗೆ ಮನೆಯ ಮಾಳಿಗೆ ಮೆಟ್ಟಿಲೇ ಸಾಕು. ಹೊರಡುವ ಎರಡು ಮೂರು ವಾರ ಮೊದಲು ಮಾಮೂಲಿಯಂತೆ ಹತ್ತಿ, ಇಳಿಯುವಾಗ ಮಾತ್ರ ಒಂದೊಂದು ಮೆಟ್ಟಿಲಿಗೆ ಮೂರೆಣಿಸುತ್ತಾ, ಮೈಭಾರವನ್ನು ಒಂದೇ ಕಾಲಿನ ಮೇಲೆ ತಡೆದು ಇಳಿಯಬೇಕು. ಮೊದಲ ಸಲ ಮಾಡಿದ ಮರುದಿನ, ಅದರಾಚೆಯ ದಿನ ಕೂತಲ್ಲಿಂದ ಏಳಲು ತೊಡೆ ನೋಯುತ್ತದೆ. ವಾರ ಬಿಟ್ಟು ಅಷ್ಟೇ ಮೆಟ್ಟಿಲು ಅದೇ ರೀತಿ ಇಳಿದರೆ ಆ ನೋವು ಅರ್ಧವೂ ಇರುವುದಿಲ್ಲ.